ಉದ್ದವ್ವನ ಮೊಳ

ಯುಗಾದಿ ಕಳೆದು ಎಂಟು ದಿನವಾಗಿತ್ತು. ಜರ್ಮನಿಯ ಯುದ್ಧ ನಡೆದಿದ್ದ ಕಾಲ. ಮುಂಜಾನೆ ದನ ಬಿಡುವ ಹೊತ್ತಿಗೆ ಅಂಕಲಗಿಯ ಲಕ್ಕಪ್ಪ ಅಂಗಳದಲ್ಲಿ ಸೈಕಲ್ಲನ್ನು ಮಗುಚಿ ನಿಲ್ಲಿಸಿ, ಗಾಲಿಯ ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಮೀಟಿ ಸದ್ದು ಕೇಳುತ್ತಿದ್ದ. ಬಿಗಿಯಾದ ಕಡ್ಡಿ ತಂತಿಯ ಹಾಗೆ ನುಡಿಯುತ್ತದೆ, ಸಡಿಲಾದದ್ದು ಬೊದ್ದಾಗಿ ಗೊಣಗುತ್ತದೆ. ಅದನ್ನು ಕೇಳುತ್ತ ಕೂತರೆ ಅವನಿಗೆ ರೊಟ್ಟಿಯ ನೆನಪೂ ಆಗುತ್ತಿರಲಿಲ್ಲ.

ಒಳಗಿನಿಂದ ತಂಗಿ ಉದ್ದವ್ವ ಸರಕಾರಿ ದವಾಖಾನೆಯಿಂದ ಬಂದ ಕಾಗದ ಹಿಡಿದು ಬಂದಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಮೇಲೆ ಬೆಳಗಾವಿಯಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿತು, ಅಣ್ಣನ ಮನೆಯಲ್ಲೇ ಇದ್ದು, ಸುತ್ತಲಿನ ಐದು ಹಳ್ಳಿ ನೋಡಿಕೊಳ್ಳುತ್ತಿದ್ದಳು.

"ಅಣ್ಣಾ, ಪೆಟ್ರೋಲ್ ಇಲ್ಲಂತ ಬಸ್ಸು ನಿಂತಾವಲ್ಲ, ಇನ್ನ ಸೈಕಲ್ ಮ್ಯಾಲೆ ಹಳ್ಳಿ ತಿರುಗಾಕ ಬರೋರನ್ನಷ್ಟ ಇಲ್ಲಿ ಇಟಗೋತಾರಂತ. ಉಳದವರನ್ನ ಖಾನಾಪುರದ ಆಚಿ, ಘಟ್ಟದ ಕಡೆ ದವಾಖಾನಿಗೆ ಕಳಸ್ತಾರಂತ. ಇಪ್ಪತ್ತು ದಿನಕ್ಕ ಸಾಹೇಬ್ರು ಗೋಕಾಕಕ್ಕ ಬಂದು ಸ್ವತಃ ನೋಡ್ತಾರ."

"ಅಷ್ಟ ಹೌದಿಲ್ಲೋ? ನಾ ಕಟ್ಟಿಕೊಡತೇನಿ ತಗೊ."

ಲಕ್ಕಪ್ಪನ ಹೆಂಡತಿ ಮುದಕವ್ವ ಸೆಗಣಿ ಬುಟ್ಟಿ ಕೆಳಗಿಟ್ಟಳು. "ಹೆಂಗಸು ಸೈಕಲ್ ಹತ್ತೂದ? ಊರಾಗಿನ ನಾಯಿ ಸೈತ ನಗತಾವ."

"ನಗಲಿ ಬಿಡ್ರಿ ವೈನಿ," ಎಂದಳು ಉದ್ದವ್ವ. "ನಕ್ಕವರ ಮನ್ಯಾಗನ ನಾಳಿ ಹೆರಗಿ ಇರತೈತಿ. ಆಗ ಓಡಿ ಬಾ ಅಂತಾರ."

ಲಕ್ಕಪ್ಪ ಒಕ್ಕಲಿಗ. ಸೈಕಲ್ಲು ಅವನ ಹೊಟ್ಟೆಪಾಡಲ್ಲ, ಹುಚ್ಚು. ಮೂಡಲಗಿ ಸಂತೆಯಲ್ಲಿ ಹಳೆ ಗಾಲಿ, ಮುರಿದ ಹ್ಯಾಂಡಲ್ ಆರಿಸಿ ತಂದು ತನ್ನ ಸೈಕಲ್ಲನ್ನು ತಾನೇ ಕಟ್ಟಿಕೊಂಡಿದ್ದ. ಗೆಳೆಯರಿಗೂ ಮೂರು ಕಟ್ಟಿಕೊಟ್ಟಿದ್ದ. ಮನುಷ್ಯನ ದೇಹ ಅವರವರ ಕೈಯಿಂದ ಮೂರೂವರೆ ಮೊಳ ಎಂದು ಹಿರಿಯರು ಹೇಳುವುದನ್ನು ಅವನು ಗಟ್ಟಿಯಾಗಿ ನಂಬಿದ್ದ. ದೇಹಕ್ಕೆ ಅದೇ ಲೆಕ್ಕವಾದರೆ ಸೈಕಲ್ಲಿಗೂ ಅದೇ. ಏರುವವರ ಮೊಳದಲ್ಲೇ ಅಳೆದು ಕಟ್ಟುತ್ತಿದ್ದ. ಅವನು ಕಟ್ಟಿದ ಸೈಕಲ್ ತುಳಿದವರು ಹುಕ್ಕೇರಿಗೆ ಹೋಗಿ ಬಂದರೂ ಸೊಂಟ ಹಿಡಿಯಿತು ಎಂದದ್ದಿಲ್ಲ.

ಉದ್ದವ್ವ ಹೆಸರಿಗಷ್ಟೇ ಉದ್ದ, ಆಳು ಬಲು ಗಿಡ್ಡ. ಸೀರೆ ಉಟ್ಟು ಕೂರಬೇಕಾದರೆ ಮೇಲಿನ ಅಡ್ಡಪೈಪು ಇರಬಾರದು, ಬಗ್ಗಿಸಿ ಕೆಳಗೆ ತರಬೇಕು. ಅವಳೇ ತನ್ನ ಕೈಯಿಂದ ತನ್ನ ಕಾಲು ಅಳೆದು ಹೇಳಿದಳು. ಸೀಟಿನ ಪೈಪು ಒಂದು ಮೊಳ ನಾಲ್ಕು ಬೆರಳು ಎಂದು ಲಕ್ಕಪ್ಪ ಲೆಕ್ಕ ಹಾಕಿದ.

ಬೆಸುಗೆಯ ಕೆಲಸ ಹುಕ್ಕೇರಿಯ ಕಮ್ಮಾರ ರಾಜಪ್ಪನದು. ಹಿಂದಿನ ಮೂವರೂ ಸ್ವತಃ ಹೋಗಿ ಪೈಪಿನ ಮೇಲೆ ಕೈಯಿಟ್ಟು ಅಳತೆ ಕೊಟ್ಟಿದ್ದರು. ಈ ಸಲ ಊರಲ್ಲಿ ಇಬ್ಬರು ಬಸುರಿಯರಿಗೆ ದಿನ ತುಂಬಿದ್ದವು, ಉದ್ದವ್ವ ಕದಲುವಂತಿರಲಿಲ್ಲ. ಲಕ್ಕಪ್ಪನೇ ಹೋಗಿ, ಒಂದು ಮೊಳ ನಾಲ್ಕು ಬೆರಳು ಎಂದು ಹೇಳಿ, ಬಿಸಿಲೇರುವ ಮೊದಲು ಮರಳಿ ಬಂದ.

ಹನ್ನೆರಡು ದಿನಕ್ಕೆ ಚೌಕಟ್ಟು ಬಂತು. ಬೆಸುಗೆ ಎಂದರೆ ಬೆಸುಗೆ, ಬೆರಳಾಡಿಸಿದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಗಾಲಿ ಏರಿಸಿದ, ಚೈನು ಹಾಕಿದ. ಸೀಟನ್ನು ಪೂರಾ ಕೆಳಗಿಳಿಸಿ ಉದ್ದವ್ವನನ್ನು ಕೂರಿಸಿದ. ಪೆಡಲ್ ಕೆಳಗಿಳಿದಾಗ ಅವಳ ಕಾಲ್ಬೆರಳು ಗಾಳಿಯಲ್ಲಿ ತೇಲಿದವು.

ಲಕ್ಕಪ್ಪ ಅವಳ ಕೈ ಹಿಡಿದು ಪೈಪಿಗೆ ಒರಗಿಸಿ ನೋಡಿದ. ಒಂದು ಮೊಳ, ನಾಲ್ಕು ಬೆರಳು. ಅದರ ಮೇಲೆ ಇನ್ನೂ ನಾಲ್ಕು ಬೆರಳು ಪೈಪು ಉಳಿದಿತ್ತು.

ಅವತ್ತೇ ಹುಕ್ಕೇರಿಗೆ ತುಳಿದ.

"ಯಾರ ಮೊಳ ಹಿಡದಿ ರಾಜಪ್ಪಾ?"

"ನಂದ. ಮತ್ಯಾರದು?" ರಾಜಪ್ಪ ಸುತ್ತಿಗೆ ಹಿಡಿದು ಬಲಿತ ಉದ್ದನೆಯ ತೋಳನ್ನು ಮುಂದೆ ಚಾಚಿದ. "ಬಾಯಿಲೆ ಮೊಳ ಹೇಳಿ ಹೋದಿ. ಕೈ ಬಿಟ್ಟು ಹೋಗಿದ್ದೇನ ಇಲ್ಲಿ?"

ಲಕ್ಕಪ್ಪ ನಾಲ್ಕು ಬೆರಳು ಜೋಡಿಸಿ ತೋರಿಸಿದ. "ಕೊಯ್ದು ಸಣ್ಣದು ಮಾಡು. ಎಂಟು ದಿನದಾಗ ಸಾಹೇಬ್ರು ಬರ್ತಾರ."

"ತುದಿ ಕೊಯ್ದರ ಹಿಂದಿನ ಎರಡೂ ಪೈಪ ಕಳಚತಾವ. ಎಲ್ಲಾ ಹೊಸದಾಗಿ ಬೆಸಿಬೇಕು. ಬೆಸಿಯಾಕ ಹಿತ್ತಾಳಿ ಮನ್ಯಾಗಿನ ಚರಗಿ ಒಡದರೂ ಸಿಗತೈತಿ, ಬಿಳಿಗಾರ ಎಲ್ಲಿಂದ ತರ್ಲಿ? ಇದ್ದದ್ದು ನಿನ್ನ ಕೆಲಸಕ್ಕನ ತೀರಿತು. ಬಿಳಿಗಾರ ಹಾಕದ ಬೆಸಿಗಿ ಹಿಡಿಯೂದಿಲ್ಲ. ಕೊಲ್ಲಾಪುರದಿಂದ ಬರಬೇಕಂದ್ರ ತಿಂಗಳಾ ಹಿಡಿತೈತಿ."

ಗೋಕಾಕದಲ್ಲಿ ಕೇಳಿದ, ಮೂಡಲಗಿಗೂ ಹೋಗಿ ಬಂದ. ಚಿಮಟಿಯಷ್ಟು ಬಿಳಿಗಾರ ಸಿಗಲಿಲ್ಲ.

ಕೊನೆಗೆ ಜಾಲಿಯ ಕಟ್ಟಿಗೆಯನ್ನು ಕೊರೆದು ಪೆಡಲಿಗೆ ಕಟ್ಟಿದ. ಮೇಲ್ಗಡೆ ಒಂದೇ ಕಟ್ಟಿದರೆ ಭಾರಕ್ಕೆ ಪೆಡಲು ಮಗುಚುತ್ತಿತ್ತು, ಕೆಳಗೂ ಅಷ್ಟೇ ದಪ್ಪದ್ದು ಕಟ್ಟಿದ. ಈಗ ಕಾಲು ಮುಟ್ಟಿತು. ಎರಡು ದಿನ ಅಣ್ಣ ಸೀಟು ಹಿಡಿದು ಓಡಿದ, ಮೂರನೆಯ ದಿನ ಕೈಬಿಟ್ಟ. ಉದ್ದವ್ವ ನೆಟ್ಟಗೆ ಹೋದಳು, ಕಚ್ಚೆ ಹಾಕಿದ ಸೀರೆ ಗಾಳಿಗೆ ಉಬ್ಬಿತ್ತು. ಮುದಕವ್ವ ಕೂಡ ಬಾಗಿಲಿಗೆ ಬಂದು, "ಹೋದಳ ನೋಡ ರಂಡಿ!" ಎಂದು ನಕ್ಕಳು. ಆದರೆ ತಿರುವಿನಲ್ಲಿ ಸೈಕಲ್ಲು ವಾಲಿದ ಕೂಡಲೇ ಕೆಳಗಿನ ಕಟ್ಟಿಗೆ ನೆಲಕ್ಕೆ ತಾಗಿತು. ಉದ್ದವ್ವ ಬಿದ್ದಳು.

ಕಟ್ಟಿಗೆ ಕೆತ್ತಿದರೆ ಕಾಲು ಮುಟ್ಟುವುದಿಲ್ಲ, ಇಟ್ಟರೆ ತಿರುಗುವುದಿಲ್ಲ. ಒಂದು ಎಳೆ ಕೆತ್ತುವುದು, ಕೂರಿಸಿ ನೋಡುವುದು, ಮತ್ತೆ ಹೊಸದು ಕಟ್ಟುವುದು. ಆ ದಿನಗಳೆಲ್ಲ ಹೀಗೆ ಹೋದವು. ತಿರುವಿನಲ್ಲಿ ತುಳಿಯದೆ ಪೆಡಲು ಅಡ್ಡ ಹಿಡಿ ಎಂದು ಕಲಿಸಿದ. ಅಂಗಳದಲ್ಲಿ ಅದು ಬರುತ್ತಿತ್ತು.

ಗೋಕಾಕದ ಬಯಲಿಗೆ ಸಾಹೇಬರು ಸೋಮವಾರ ಬಂದರು. ಒಳ್ಳೆಯ ಮನುಷ್ಯ, ಉದ್ದವ್ವನಿಗೆ ಕೈಮುಗಿದೇ ಮಾತಾಡಿದರು. ನೋಡಲು ಜನ ನೆರೆದಿದ್ದರು. ಉದ್ದವ್ವ ಆ ತುದಿಯವರೆಗೆ ನೆಟ್ಟಗೆ ಹೋದಳು. ಅಲ್ಲಿ ತಿರುಗಬೇಕಿತ್ತು. ಯಾರೋ ಸಿಳ್ಳೆ ಹಾಕಿದರು. ಅವಳ ಕಾಲು ಮರೆತು ಒಂದು ತುಳಿತ ತುಳಿಯಿತು. ಲಕ್ಕಪ್ಪನಿಗೆ ಅಷ್ಟು ದೂರದಿಂದಲೂ ಕಟ್ಟಿಗೆ ನೆಲ ಕೆರೆದದ್ದು ಕೇಳಿಸಿತು.

ಅವನು ಓಡಿಹೋಗಿ ಎಬ್ಬಿಸಿದ. ಮೊಣಕೈ ತರಚಿತ್ತು. ಸೀರೆಯ ಧೂಳು ಕೊಡವಿಕೊಂಡು ಅವಳು ಮತ್ತೆ ಹತ್ತಲು ಹೋದಳು. ಸಾಹೇಬರು ಬೇಡವೆಂದು ಕೈಯಾಡಿಸಿದರು.

"ತಪ್ಪು ಆಕೀದಲ್ರಿ, ನಂದು," ಎಂದ ಲಕ್ಕಪ್ಪ. "ಅಳತಿ ತಪ್ಪೈತಿ. ಒಂದ ತಿಂಗಳ ಕೊಡ್ರಿ, ಸರಿ ಮಾಡಿಕೊಡತೇನಿ."

"ಖರೆ ಇರಬಹುದು ಗೌಡ್ರ. ಆದ್ರ ನಾ ಕಂಡದ್ದನ್ನ ಬರೀಬೇಕು. ಕಾಗದ ಇವತ್ತ ಹೋಗಬೇಕು."

ದಾರಿಯುದ್ದಕ್ಕೂ ಸೈಕಲ್ಲನ್ನು ನೂಕಿಕೊಂಡೇ ಬಂದರು. ಅಣ್ಣ ಏನೋ ಹೇಳಲು ಎರಡು ಸಲ ಬಾಯಿ ತೆರೆದ. ಉದ್ದವ್ವನೇ ಅಂದಳು, "ಸುಮ್ಮನ ನಡಿ ಅಣ್ಣಾ. ಬಿಸಿಲ ಭಾಳ ಐತಿ."

ಎರಡು ದಿನ ಅವಳು ಮನೆಮನೆಗೆ ಹೋಗಿ ಬಸುರಿಯರಿಗೆ ಹೇಳುವುದನ್ನೆಲ್ಲ ಹೇಳಿ ಬಂದಳು. ಮುದಕವ್ವ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಒಳಗೆ ಹೋದವಳು ಹೊರಗೆ ಬರಲಿಲ್ಲ. ಖಾನಾಪುರದ ಕಡೆ ಹೊರಟಿದ್ದ ಸಂಕೇಶ್ವರದ ಬೆಲ್ಲದ ಗಾಡಿಯಲ್ಲಿ, ಮೂಟೆಗಳ ನಡುವೆ ಜಾಗ ಮಾಡಿಸಿ ಲಕ್ಕಪ್ಪ ತಂಗಿಯನ್ನು ಕೂರಿಸಿದ. ಬಸವ ಜಯಂತಿಯ ಮರುದಿನ, ಗುರುವಾರ, ಹೊತ್ತು ಮೂಡುವ ಮೊದಲೇ ಉದ್ದವ್ವ ಅಂಕಲಗಿ ಬಿಟ್ಟು ಹೋದಳು.