ಕಾಲರಿನ ಅಳತೆಗೆ ಕತ್ತರಿಸಿದ ಪತ್ರ

ದಪ್ಪ ಕಾಗದ ಕಂಡರೆ ದರ್ಜಿಯ ಕೈ ಸುಮ್ಮನಿರುತ್ತಿರಲಿಲ್ಲ. ಹಳೆಯ ಕ್ಯಾಲೆಂಡರ್, ಔಷಧದ ಡಬ್ಬಿಯ ರಟ್ಟು, ಏನೇ ಸಿಗಲಿ, ಕಾಲರು, ತೋಳು, ಜೇಬಿನ ಅಳತೆಗೆ ಕತ್ತರಿಸಿ ಅಂಗಡಿಯ ಮೊಳೆಗೆ ನೇತುಹಾಕುತ್ತಿದ್ದ. ಅದರ ಮೇಲೆ ಏನು ಬರೆದಿದೆ ಎಂಬುದು ಅವನಿಗೆ ಬೇಕಿರಲಿಲ್ಲ. ಓದಲು ಬರುತ್ತಲೂ ಇರಲಿಲ್ಲ. ಅದು ಗಿರಾಕಿಗಳಿಗೆ ಗೊತ್ತಾಗದಂತೆ, ಯಾವ ಕಾಗದ ಬಂದರೂ ಕಣ್ಣಾಡಿಸಿ ತಲೆದೂಗುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದ.

ಮಗಳು ಹನ್ನೆರಡನೇ ತರಗತಿ ಪಾಸಾಗಿ ತಾನೇ ಕಾಲೇಜಿಗೆ ಅರ್ಜಿ ಹಾಕಿದ್ದಳು. ಎರಡು ತಿಂಗಳು ಕಾದರೂ ಉತ್ತರವಿಲ್ಲ. ಕೊನೆಗೆ ಅಂಗಡಿಯಲ್ಲೇ ಸೂಜಿ ಹಿಡಿದು ಗುಂಡಿ ಹೊಲಿಯಲು ಕೂತಳು. ಅವಳ ಮುಖ ನೋಡಿ ದರ್ಜಿಗೆ ಸಂಕಟವಾದರೂ ಒಳಗೊಳಗೇ ನಿರಾಳವೂ ಆಗಿತ್ತು. ವಂಶದಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಹೆಂಡತಿಗೂ ಹೇಳಿದ್ದ.

ಮರುದಿನ ಬೆಳಿಗ್ಗೆಯೇ, ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವ, ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸೊಬ್ಬರು ಕೋಟಿನ ಅಳತೆ ಕೊಡಲು ಬಂದರು. ದರ್ಜಿ ಭುಜದ ಅಳತೆ ಹಿಡಿಯುತ್ತಿದ್ದಾಗ ಅವರ ಕಣ್ಣು ಗೋಡೆಯ ಮೇಲೆ ನಿಂತಿತು.

"ಅಣ್ಣಾ, ಆ ಕಾಲರಿನ ಕಾಗದ ಸ್ವಲ್ಪ ಕೊಡಿ. ನಮ್ಮ ಕಾಲೇಜಿನ ಮೊಹರು ಇದ್ದ ಹಾಗಿದೆ."

ಕೈಗೆ ಬಂದದ್ದನ್ನು ಎರಡು ಸಲ ಓದಿ, ಮಗಳ ಕಡೆ ತಿರುಗಿದರು. "ನಿನಗೆ ಸೀಟು ಸಿಕ್ಕಿದೆ ಕಣಮ್ಮಾ."

ಮಗಳ ಕೈಯಿಂದ ಸೂಜಿ ಜಾರಿತು. ದರ್ಜಿಗೆ ಆ ಕಾಗದ ಬಂದ ದಿನ ನೆನಪಾಯಿತು. ಇಪ್ಪತ್ತು ದಿನದ ಹಿಂದೆ, ಅಂಗಡಿ ತುಂಬ ಗಿರಾಕಿಗಳಿದ್ದಾಗ, ಅಂಚೆಯವನು ಅದನ್ನು ಅವನ ಕೈಗೇ ಕೊಟ್ಟಿದ್ದ. ಇವನು ಎಂದಿನಂತೆ ತಲೆದೂಗಿ, ಬಟ್ಟೆ ಗಿರಣಿಯವರ ಜಾಹೀರಾತು ಎಂದು ಕತ್ತರಿಗೆ ಕೊಟ್ಟಿದ್ದ. ಅದನ್ನೇ ಇಟ್ಟು ನಲವತ್ತು ಶಾಲಾಮಕ್ಕಳ ಅಂಗಿಗೆ ಕಾಲರು ಕತ್ತರಿಸಿದ್ದ. ಬೇರೆಯವರ ಮಕ್ಕಳನ್ನು ಶಾಲೆಗೆ ಕಳಿಸಿದ್ದು ತನ್ನ ಮಗಳ ಪತ್ರದಿಂದ ಎಂದು ಹೊಳೆದಾಗ ಅವನು ಅಳತೆಪಟ್ಟಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತ.

ಮಗಳು ಮೊಳೆಗಳಿಂದ ಅದೇ ಪತ್ರದ ತೋಳುಪಟ್ಟಿಯ ತುಂಡು, ಜೇಬಿನ ತುಂಡು ಹುಡುಕಿ ತಂದು ಮೇಜಿನ ಮೇಲೆ ಜೋಡಿಸಿದಳು. ಅದರಲ್ಲಿ ಬರೆದಿದ್ದಂತೆ ಸೇರಲು ಕೊನೆಯ ದಿನ ಅಂದೇ ಆಗಿತ್ತು, ಸಂಜೆ ನಾಲ್ಕರ ಒಳಗೆ.

"ಫೀಸು ಎಲ್ಲಿಂದ ತರೋದಮ್ಮಾ? ನಮ್ಮಂಥೋರಿಗೆ ಇದು ಆಗೋ ಮಾತಾ?" ಎಂದು ದರ್ಜಿ ಕೇಳಿದ.

ಅಕ್ಕ ಜೇಬಿನ ತುಂಡಿನ ಮೇಲೆ ಬೆರಳಿಟ್ಟರು. "ಮನೇಲಿ ಮೊದಲನೇ ಸಲ ಕಾಲೇಜಿಗೆ ಬರೋರಿಗೆ ನಮ್ಮಲ್ಲಿ ಫೀಸಿಲ್ಲ, ಹಾಸ್ಟೆಲ್ಲೂ ಇದೆ. ಅದನ್ನೇ ಇಲ್ಲಿ ಬರೆದಿರೋದು. ಹೋದ ವರ್ಷ ಇಂಥ ಹನ್ನೊಂದು ಸೀಟು ಖಾಲಿ ಉಳಿದವು. ಮಕ್ಕಳು ಬೇಡ ಅಂದಿದ್ದಲ್ಲ ಅಣ್ಣಾ. ಕಾಗದ ಕೈಗೆ ತಗೊಂಡ ಅಪ್ಪ ಅಮ್ಮನಿಗೆ ಓದೋಕೆ ಬರ್ತಿರಲಿಲ್ಲ, ಬೇರೆಯವರನ್ನ ಕೇಳೋಕೆ ನಾಚಿಕೆ."

ಹನ್ನೊಂದು! ದರ್ಜಿ ದಿಗ್ಭ್ರಮೆಯಿಂದ ಮಗಳನ್ನು ನೋಡಿದ.

"ಅಪ್ಪಾ, ಒಂದ್ಸಲ ನನ್ನ ಕೈಗೆ ಕೊಡಬಾರದಿತ್ತಾ?" ಎಂದಳು ಅವಳು. "ನಿನ್ನ ನೋಡಿ ನಾನು ನಗ್ತಿದ್ನಾ?"

"ನನಗೆ ಓದೋಕೆ ಬರಲ್ಲ ಮಗಳೇ. ನಾಲ್ಕು ಜನರ ಮುಂದೆ ಅದನ್ನ ಹೇಳೋಕೆ ಬಾಯಿ ಬರಲಿಲ್ಲ."

ಪತ್ರದ ಪ್ರತಿ ಕಚೇರಿಯಲ್ಲಿದೆ, ಅಂಕಪಟ್ಟಿ ತಂದರೆ ಸಾಕು ಎಂದು ಅಕ್ಕ ಹೇಳಿದರು. ದರ್ಜಿ ಕೇಳಲಿಲ್ಲ. ಮೂರೂ ತುಂಡುಗಳನ್ನು ಮಿಷಿನ್ನಿಗೆ ಕೊಟ್ಟು ಹೊಲಿದ. ಕೋಟಿನ ಅಳತೆ ಅರ್ಧಕ್ಕೇ ನಿಂತಿತು. ಅಂಗಡಿ ಮುಚ್ಚಿ, ಮನೆಯಿಂದ ಅಂಕಪಟ್ಟಿ ತೆಗೆದುಕೊಂಡು ಅಪ್ಪ ಮಗಳು ಅಕ್ಕನ ಹಿಂದೆ ಓಡಿದರು. ಕಾಲೇಜು ಕಚೇರಿಯ ಕಿಟಕಿಯಾಚೆ ಕೂತಿದ್ದವರು ಹೊಲಿಗೆ ಹಾಕಿದ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿ ಮೊಹರು ಒತ್ತಿದರು. ಸೀಟು ಉಳಿಯಿತು. ಮರಳುವ ದಾರಿಯುದ್ದಕ್ಕೂ ದರ್ಜಿ ತನ್ನನ್ನೇ ಕೇಳಿಕೊಂಡ: ಅಕ್ಕ ಅಳತೆಗೆ ನಾಳೆ ಬಂದಿದ್ದರೆ?

ನಿಮ್ಮ ಮನೆಗೆ ಅಂಥ ಅಕ್ಕ ಬರದೇ ಹೋಗಬಹುದು. ಆದ್ದರಿಂದ ಬಂದ ಕಾಗದವನ್ನು ಮಕ್ಕಳ ಕೈಗೆ ಕೊಡಿ. ಉತ್ತರ ಬಾರದಿದ್ದರೆ ಕಾಲೇಜಿಗೇ ಹೋಗಿ ಕೇಳಿ. ಫೀಸಿಗೆ ಹೆದರುವ ಮೊದಲು ರಿಯಾಯಿತಿ ಇದೆಯೇ ಎಂದು ವಿಚಾರಿಸಿ. "ನನಗೆ ಓದಲು ಬರುವುದಿಲ್ಲ, ಓದಿ ಹೇಳಿ" ಎನ್ನಲು ಅರೆಗಳಿಗೆ ಸಾಕು. ದರ್ಜಿ ಅದನ್ನು ಇಪ್ಪತ್ತು ದಿನ ತಡವಾಗಿ ಹೇಳಿದ. ನೀವು ಇವತ್ತೇ ಹೇಳಿ.