ಮೂಗಜ್ಜನ ಸಾಕ್ಷಿ

ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಮೂರು ದಿನ ಮನೆ ತುಂಬ ಜನ. ನಾಲ್ಕನೆಯ ಬೆಳಿಗ್ಗೆ ಬಂದವರೆಲ್ಲ ಅವರವರ ಕೆಲಸಕ್ಕೆ ಹೋದರು. ಅವಳು ಒಲೆ ಹಚ್ಚಿ, ರೂಢಿಯಂತೆ ನಾಲ್ಕು ಲೋಟ ಚಹಾ ಸುರಿದಳು. ಒಂದನ್ನು ಬಚ್ಚಲಿಗೆ ಚೆಲ್ಲಿದಳು.

ಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆಂದು ಊರಿನಲ್ಲಿ ಹೆಚ್ಚಿನವರು ಕೇಳುವುದಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಅವಳಿಗೆ ಹೇಳಿಕೊಟ್ಟಿದ್ದ. ನಗರದ ಕೆಳಗೆ ಎರಡು ದಾರಿ. ಮಳೆನೀರಿನದು ಅಗಲ, ನೇರ ಹೊಳೆಗೆ. ಮನೆಗಳ ಕೊಳೆನೀರಿನದು ಕಿರಿದು. ಇಳಿಜಾರು ಹಿಡಿದು ತಗ್ಗಿನ ಪಂಪ್‌ಹೌಸ್ ಸೇರಿ, ಅಲ್ಲಿಂದ ಶುದ್ಧೀಕರಣ ಘಟಕಕ್ಕೆ ಏರುತ್ತದೆ. ಎರಡೂ ಕೂಡಬಾರದು. ಆದರೆ ಜನ ತಾರಸಿಯ ಮಳೆಪೈಪನ್ನು ಕೊಳೆನೀರಿನ ಪೈಪಿಗೇ ಸೇರಿಸುತ್ತಾರೆ. ಮಳೆಯ ಜೊತೆ ಮಣ್ಣು ಇಳಿದು ಹೂಳು ಕಟ್ಟುತ್ತದೆ, ನೀರು ನಿಂತು ಕೊಳೆತು ವಿಷಗಾಳಿಯಾಗುತ್ತದೆ. ಆಗ ಮ್ಯಾನ್‌ಹೋಲಿನ ಗುಂಡಿಗೆ ಒಬ್ಬ ಮನುಷ್ಯನನ್ನು ಇಳಿಸುತ್ತಾರೆ.

ಇಳಿಯಬಹುದೆಂದು ಹೇಳುವವರು ಅವಳ ಮಾವ. ಮುಚ್ಚಳ ತೆಗೆದ ಮೇಲೆ ಹಿರಿಯ ಕೆಲಸಗಾರ ಬಗ್ಗಿ ಮೂಸುವುದು ಪದ್ಧತಿ. ಮೊದಲು ಕೊಳೆತ ಮೊಟ್ಟೆಯ ನಾತ. ಅದು ಅಡಗಿದರೆ, "ಹೂಂ, ಇಳಿ." ಅದರ ಮೇಲೆ ಯಾರೂ ಮಾತಾಡುವಂತಿಲ್ಲ. ಊರಿಗೆಲ್ಲ ಅವರು ಮೂಗಜ್ಜ. ಗಾಳಿ ಅಳೆಯುವ ಯಂತ್ರ ಕೊಡಿ ಎಂದವರಿಗೆ ನಗರಸಭೆಯ ಎಂಜಿನಿಯರ್, "ಮೂಗಜ್ಜ ಇರೋವಾಗ ಯಂತ್ರ ಯಾಕ್ರಯ್ಯಾ?" ಎಂದು ನಗಾಡಿ ಕಳಿಸುತ್ತಿದ್ದ. ಅವಳ ಗಂಡ ಒಳಗೇ ಸತ್ತ ದಿನ ಆ ಹಿರಿಮಗನಿಗೂ ಮಾವನೇ "ಇಳಿ" ಎಂದಿದ್ದರು.

ಮಾವ ಲೋಟ ಕೆಳಗಿಟ್ಟು ಕಿರಿಮಗನ ಕಡೆ ತಿರುಗಿದರು. "ಬೂಟು ಹಾಕ್ಕೋ. ಆ ಗುಂಡಿ ಇನ್ನೂ ಕಟ್ಕೊಂಡೇ ಇದೆ. ಅಣ್ಣನ ಜಾಗಕ್ಕೆ ನೀನು ನಿಲ್ಲದಿದ್ರೆ ಬೇರೆಯೋರು ಬಂದು ಕೂರ್ತಾರೆ."

"ಯಾರು ಮೂಸ್ತಾರೆ ಮಾವ?" ಎಂದಳು ಅವಳು.

"ಇನ್ಯಾರು? ನಾನೇ."

"ಅವತ್ತು ನಾತ ಅಡಗಿತ್ತಾ?"

"ಪೂರ್ತಿ ಅಡಗಿತ್ತು. ಅವನ ಆಯಸ್ಸು ಅಷ್ಟೇ ಇತ್ತು."

"ನಾತ ಅಡಗಿರ್ಲಿಲ್ಲ, ನಿಮ್ಮ ಮೂಗು ಅಡಗಿತ್ತು. ಆ ಗಾಳಿ ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತೆ. ಕಾಲೇಜಲ್ಲಿ ನಾನು ಕಲಿತಿದ್ದೇ ಇದನ್ನ."

"ನಿನ್ನ ಪುಸ್ತಕ ಯಾವತ್ತಾದ್ರೂ ಗುಂಡಿಗೆ ಇಳಿದಿತ್ತಾ? ಮೂವತ್ತು ವರ್ಷ ಇಳಿದೋನು ನಾನು."

"ನೀವು ಬದುಕಿದ್ದು ಅದೃಷ್ಟ. ಅದನ್ನ ವಿದ್ಯೆ ಅಂದ್ಕೊಂಡ್ರಿ."

ಮೈದುನ ತಲೆ ಎತ್ತಲಿಲ್ಲ. "ಅತ್ತಿಗೆ, ಅಣ್ಣ ಪಂಪ್‌ಹೌಸಿಂದ ಗಾಳಿ ಅಳೆಯೋ ಯಂತ್ರ ಎರವಲು ತಂದಿದ್ದ. ಅವತ್ತು ಚೀಲದಿಂದ ತೆಗೆದೂ ಇದ್ದ. ‘ನಾಲ್ಕು ಜನರ ಮುಂದೆ ನನ್ನ ಮಾನ ತೆಗೀತೀಯಾ’ ಅಂದ್ರು ಅಪ್ಪ. ಅಣ್ಣ ಚೀಲಕ್ಕೇ ವಾಪಸ್ ಹಾಕ್ಬಿಟ್ಟ. ಚೀಲ ನನ್ನ ಸೈಕಲ್ ಮೇಲೇ ಇದೆ."

ನಾಲ್ಕು ದಿನದಿಂದ ಮರಗಟ್ಟಿದ್ದ ಅವಳೊಳಗೆ ಏನೋ ಕದಲಿತು. ಅಳು ಬರಲಿಲ್ಲ. ಅದೇ ನಾಲ್ಕು ಜನರ ಮುಂದೆ ಮಾವನ ತಲೆ ತಗ್ಗುವುದನ್ನು ನೋಡಬೇಕು ಅನ್ನಿಸಿತು.

"ನಡೀರಿ ಮಾವ," ಎಂದಳು. "ಇವತ್ತೂ ಮೂಸಿ."

ಮಾರುಕಟ್ಟೆ ಬೀದಿಯ ಗುಂಡಿಯ ಸುತ್ತ ಕೆಲಸಗಾರರು ನಿಂತಿದ್ದರು. ಎಂಜಿನಿಯರ್ ಕಾರಿಗೆ ಒರಗಿದ್ದ. ಮಾವ ಬಗ್ಗಿದರು, ಮೂಗು ಹಿಂಡಿಕೊಂಡರು, ಮತ್ತೆ ಬಗ್ಗಿದರು.

"ಈಗ ನಾತ ಇಲ್ಲ," ಎಂದರು.

ಅವಳು ಚೀಲದಿಂದ ಯಂತ್ರ ತೆಗೆದು, ದಾರ ಕಟ್ಟಿ ಒಳಗೆ ಬಿಟ್ಟಳು. ಎರಡನೆಯ ಮೆಟ್ಟಿಲು ದಾಟುವ ಮೊದಲೇ ಅದು ಕಿರುಚತೊಡಗಿತು. ಎಲ್ಲರೂ ಹಿಂದೆ ಸರಿದರು. ಅವಳು ಅದನ್ನು ತಕ್ಷಣ ಮೇಲೆತ್ತಲಿಲ್ಲ. ಕಿರುಚಲಿ ಎಂದು ಬಿಟ್ಟಳು.

"ಇನ್ನೊಂದ್ಸಲ ಮೂಸ್ತೀರಾ ಮಾವ?"

ಮಾವ ಬಗ್ಗಲಿಲ್ಲ.

ಎಂಜಿನಿಯರ್ ಕೈಚಾಚಿದ. "ಅದು ಪಂಪ್‌ಹೌಸಿಂದಲ್ವೇನಮ್ಮಾ? ಕೊಡಿ, ನಾನೇ ತಲುಪಿಸ್ತೀನಿ."

"ತಂದೋರು ನಮ್ಮ ಮನೆಯವರು. ನಾನೇ ತಲುಪಿಸ್ತೀನಿ."

"ನೋಡಿ, ವರದಿ ಹೋಗಾಗಿದೆ. ಅನುಭವಿ ಸಿಬ್ಬಂದಿ ಪರೀಕ್ಷಿಸಿದ್ರು, ಗಾಳಿ ಸುರಕ್ಷಿತವಾಗಿತ್ತು ಅಂತ."

"ಗೊತ್ತು ಸಾರ್. ಅದಕ್ಕೇ ಆ ಅನುಭವಿ ಸಿಬ್ಬಂದೀನೇ ಕರ್ಕೊಂಡು ಬಂದೆ."

ಮೈದುನ ಬೂಟು ಕಳಚಿ ಎಂಜಿನಿಯರನ ಕಾಲಬಳಿ ಇಟ್ಟ. "ನಾನು ಇಳಿಯಲ್ಲ. ಹೂಳೆಳೆಯೋ ಲಾರಿ ತರಿಸಿ. ಇಲ್ಲಾಂದ್ರೆ ನಿಮ್ಮ ಅಳತೆಗೆ ಸರಿಹೋಗುತ್ತಾ ನೋಡಿ." ಉಳಿದವರೂ ಒಬ್ಬೊಬ್ಬರಾಗಿ ಬೂಟು ಕಳಚಿದರು.

ಪಂಪ್‌ಹೌಸಿಗೆ ಮಾವನನ್ನೂ ಕರೆದುಕೊಂಡೇ ಹೋದಳು. ಯಂತ್ರ ಕಂಡು ಅಲ್ಲಿನ ಆಪರೇಟರ್ ಎದ್ದುನಿಂತ. "ಸತ್ತ ಮನೆಗೆ ಬಂದು ಹೇಗೆ ಕೇಳ್ಲಿ ತಂಗಿ, ಅಂತ ಸುಮ್ಮನಿದ್ದೆ."

"ಇಷ್ಟು ದಿನ ಯಂತ್ರ ಇಲ್ಲದೆ ಬಾವಿಯ ಕಸ ತಡೆಯೋ ಜಾಲರಿ ತೊಳೆಯೋಕೆ ಹೇಗಿಳಿದ್ರಿ?"

"ಮೂಗಜ್ಜನ ಶಿಷ್ಯ ಅಲ್ವಾ, ಮೂಸ್ಕೊಂಡು." ನಕ್ಕವನು ಹಿಂದೆ ನಿಂತಿದ್ದ ಮಾವನನ್ನು ಕಂಡು ಬಾಯಿ ಮುಚ್ಚಿಕೊಂಡ.

ಎರವಲು ಬರೆದಿಡುವ ಪುಸ್ತಕದಲ್ಲಿ ಗಂಡನ ಅಕ್ಷರವಿತ್ತು. ಕಾರಣ: ಅಪ್ಪನಿಗೆ ನೋವಾಗದ ಹಾಗೆ ಒಮ್ಮೆ ನೋಡಬೇಕು.

ಅದರ ಕೆಳಗೆ ಅವಳು ಇಂದಿನ ಗುಂಡಿ, ಹೊತ್ತು, ಯಂತ್ರ ತೋರಿಸಿದ ಅಂಕಿ ಬರೆದಳು. ಪುಸ್ತಕವನ್ನು ಮಾವನ ಕಡೆ ತಿರುಗಿಸಿದಳು.

"ಯಂತ್ರ ಕೂಗಿತು, ನನ್ನ ಮೂಗಿಗೆ ಗೊತ್ತಾಗಲಿಲ್ಲ ಅಂತ ಬರೆದು ರುಜು ಹಾಕಿ."

"ನನ್ನ ಕೈಯಲ್ಲೇ ಬರೆಸ್ತೀಯಾ ಮಗಳೇ?"

"ನಿಮ್ಮ ಕೈಯಲ್ಲೇ. ಎಂಜಿನಿಯರ್ ವರದಿ ನಿಂತಿರೋದು ನಿಮ್ಮ ಮೂಗಿನ ಮೇಲೆ. ಈ ಪುಟ ಕೋರ್ಟಿಗೆ ಹೋಗುತ್ತೆ."

ಮಾವ ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಬರೆಯತೊಡಗಿದರು. ಅವಳು ಅವಸರಿಸಲಿಲ್ಲ. ಕೊನೆಯ ಅಕ್ಷರದವರೆಗೂ ನೋಡುತ್ತ ನಿಂತಳು. ಆಮೇಲೆ ಪುಟದ ಫೋಟೊ ತೆಗೆದುಕೊಂಡು, ಮರಳಿಸಿದವರು ಎಂಬಲ್ಲಿ ತನ್ನ ರುಜು ಹಾಕಿ, ಯಂತ್ರವನ್ನು ಒರೆಸಿ ಆಪರೇಟರನ ಅಂಗಿಯ ಜೇಬಿಗೆ ತಾನೇ ಸಿಕ್ಕಿಸಿದಳು.