ಸೀಟಿನಡಿಯ ಹಸಿರು ತಂತಿ

ಆ ಮೋಟಾರ್‌ಸೈಕಲ್ಲಿನ ಮುಂದೆ ಇದ್ದದ್ದನ್ನು ದೀಪ ಎಂದು ಕರೆಯಬೇಕಾದರೆ ದೊಡ್ಡ ಮನಸ್ಸು ಬೇಕಿತ್ತು. ಎಂಜಿನ್ ಜೋರಾಗಿ ಓಡಿದರೆ ಒಂದಿಷ್ಟು ಬೆಳಗುತ್ತಿತ್ತು, ತಿರುವಿನಲ್ಲಿ ನಿಧಾನಿಸಿದರೆ ಮಂಕಾಗುತ್ತಿತ್ತು. ಅಂದರೆ ಬೆಳಕು ಬೇಕಾದ ಹೊತ್ತಿಗೇ ಇರುತ್ತಿರಲಿಲ್ಲ. ಹಾರ್ನ್ ಒತ್ತಿದರೆ ನೆಗಡಿ ಹಿಡಿದ ಕೋಳಿ ಕೂಗಿದ ಹಾಗೆ ಕೇಳುತ್ತಿತ್ತು. ಆರು ವೋಲ್ಟಿನ ಕಾಲದ ಗಾಡಿ. ಅಪ್ಪ ಓಡಿಸಿದ್ದು, ಅಪ್ಪ ಹೋದ ಮೇಲೆ ಮಗಳ ಪಾಲಿಗೆ ಬಂದದ್ದು.

ಮಗಳನ್ನು ಬೀದಿಯವರೆಲ್ಲ ಪುಟ್ಟಕ್ಕ ಎನ್ನುತ್ತಿದ್ದರು. ಅಣ್ಣನಿಗೆ ಮಾತ್ರ ಅವಳು ಇನ್ನೂ ಪುಟ್ಟಿ. ಅಣ್ಣನದು ಗಾಡಿಗಳ ವೈರಿಂಗ್ ರಿಪೇರಿಯ ಅಂಗಡಿ. ಅದರ ಹಿಂದೆಯೇ ಮನೆ. ಲಾರಿಯಿಂದ ಹಿಡಿದು ಸ್ಕೂಟರಿನವರೆಗೆ ಊರಿನ ಗಾಡಿಗಳಿಗೆಲ್ಲ ಬೆಳಕು ಕೊಡುತ್ತಿದ್ದ ಆ ಮನೆಯಲ್ಲಿ ಅವಳ ಗಾಡಿಯೊಂದೇ ಹೀಗೆ ಕುರುಡಾಗಿ ಉಳಿದಿತ್ತು. ಅವಳು ಎಷ್ಟು ಸಲ ಬಿಚ್ಚಲು ಹೊರಟರೂ ಅಣ್ಣ ತಡೆಯುತ್ತಿದ್ದ. "ಹಳೇ ವೈರಿಂಗ್ ಪುಟ್ಟಿ, ಮುಟ್ಟಿದ್ರೆ ಪುಡಿಪುಡಿ ಆಗುತ್ತೆ. ಇದ್ದ ಹಾಗೇ ಇರ್ಲಿ ಬಿಡು." ಅಣ್ಣ ಹೇಳಿದ ಮೇಲೆ ಮುಗಿಯಿತು. ಅವಳಿಗೆ ಅಣ್ಣನ ಮಾತು ವೇದವಾಕ್ಯ.

ಆದರೆ ಆ ಅಣ್ಣನದೇ ಒಂದು ಗುಟ್ಟಿತ್ತು. ಅವನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಹುಟ್ಟಿನಿಂದ ಹಾಗೆ. ಬಣ್ಣ ನೋಡಿ ತಂತಿ ಜೋಡಿಸುವ ಕಸುಬಿನಲ್ಲಿ ಇದು ಹೊರಬಿದ್ದರೆ ಅಂಗಡಿಯ ಬಾಗಿಲು ಎಳೆದುಕೊಂಡ ಹಾಗೇ. ಕಟ್ಟಿಕೊಂಡ ಹೆಂಡತಿಗೂ ಅವನು ಹೇಳಿರಲಿಲ್ಲ. ಗೊತ್ತಿದ್ದದ್ದು ತಂಗಿಗೆ ಮಾತ್ರ. ಅದಕ್ಕೆ ಇಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದರು. ಗಿರಾಕಿಯ ಎದುರು ಅವನು ತಂತಿಯನ್ನು ಎತ್ತಿ ಹಿಡಿದು, "ಸವೆದಿದೆಯಾ ನೋಡು" ಎನ್ನುವನು. ಅವಳು, "ಕೆಂಪು ಚೆನ್ನಾಗೇ ಇದೆ ಅಣ್ಣ" ಎನ್ನುವಳು. ಅಷ್ಟು ಸಾಕು. ನೋಡಿದವರಿಗೆ ಗುರು ಶಿಷ್ಯೆಗೆ ಪಾಠ ಹೇಳಿಕೊಟ್ಟ ಹಾಗೆ ಕಾಣುತ್ತಿತ್ತು. ಹೀಗೆ ವರ್ಷಗಟ್ಟಲೆ ಅವಳು ಅವನ ಕಣ್ಣಾಗಿದ್ದಳು, ಒಂದು ದಿನವೂ ಅದು ಭಾರ ಅನಿಸಿರಲಿಲ್ಲ.

ಒಂದು ಕಾಲಕ್ಕೆ ಅವಳಿಗೆ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಕೆಲಸದ ಪರೀಕ್ಷೆಗೆ ಕರೆ ಬಂದಿತ್ತು. ಅಂದು ಬೆಳಿಗ್ಗೆ ಗಾಡಿ ಒದ್ದಳು, ಒದ್ದಳು, ಕಾಲು ಬಾತುಕೊಳ್ಳುವವರೆಗೆ ಒದ್ದಳು. ಗಾಡಿ ಕೆಮ್ಮಲೂ ಇಲ್ಲ. ಅಣ್ಣ ಬಂದು ಅಲ್ಲಿ ಬಿಚ್ಚಿ ಇಲ್ಲಿ ಮುಟ್ಟಿ ನೋಡುವಷ್ಟರಲ್ಲಿ ಡಿಪೋದ ಕಡೆಗೆ ಹೋಗುವ ಬಸ್ಸೂ ಹೋಗಿತ್ತು, ಹೊತ್ತೂ ಮೀರಿತ್ತು. ಕೊನೆಗೆ ಅಣ್ಣ, "ಒಳಗಿಂದ ಒಂದು ಲೋಟ ನೀರು ತಗೊಂಬಾ" ಎಂದ. ನೀರು ತಂದು ಕೊಟ್ಟು ಒದ್ದರೆ ಒಂದೇ ಏಟಿಗೆ ಗಾಡಿ ಸ್ಟಾರ್ಟ್! ಅವಳು ಅಣ್ಣನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಅವನು ಬೆನ್ನು ತಟ್ಟುತ್ತ, "ಹಣೇಲಿ ಬರೆದಿರಲಿಲ್ಲ ಬಿಡು. ಈ ಅಂಗಡಿ ನಿಂದೂ ಹೌದಲ್ವಾ" ಎಂದ.

ಆಮೇಲೂ ಹಾಗೆ ಆಗಿತ್ತು. ಇನ್ನೊಂದು ಕಡೆ ಕೆಲಸಕ್ಕೆ ಹೊರಟಾಗ ಒಮ್ಮೆ. ಹುಡುಗನೊಬ್ಬ ಅವಳನ್ನು ನೋಡಬೇಕೆಂದು ಪಕ್ಕದ ಪಟ್ಟಣದಲ್ಲಿ ಕಾಯುತ್ತಿದ್ದಾಗ ಮತ್ತೊಮ್ಮೆ. ಪ್ರತಿ ಸಲ ಹೊತ್ತು ಮೀರಿದ ಮೇಲೆ ಅಣ್ಣ ಬಗ್ಗಿ ಕೂರುವನು, ಅವಳು ಒಳಗೆ ಹೋಗಿ ನೀರು ತರುವಳು, ಗಾಡಿ ಸ್ಟಾರ್ಟ್ ಆಗುವುದು. "ನಮ್ಮಣ್ಣನ ಕೈಗುಣ" ಎಂದು ಅವಳು ಬೀದಿಯಲ್ಲಿ ಹೇಳಿಕೊಂಡು ತಿರುಗಿದಳು. ತನ್ನದು ಮಾತ್ರ ನತದೃಷ್ಟ ಜನ್ಮ, ಹೊರಟ ಕೆಲಸ ಒಂದೂ ಕೈಗೂಡುವುದಿಲ್ಲ ಎಂದುಕೊಂಡಳು. ನಿಧಾನವಾಗಿ ಹೊರಡುವುದನ್ನೇ ಬಿಟ್ಟಳು.

ಈಗ ಮತ್ತೆ ಒಂದು ಕರೆ ಬಂದಿತ್ತು. ಬೆಟ್ಟದಾಚೆಯ ಕೈಕಸುಬಿನ ಶಾಲೆಯಲ್ಲಿ ವೈರಿಂಗ್ ಕಲಿಸುವ ಕೆಲಸ. ಸೋಮವಾರ ಶಾಲೆ ಶುರುವಾಗುವ ಹೊತ್ತಿಗೆ ಹೋಗಿ ಒಂದು ಪಾಠ ಮಾಡಿ ತೋರಿಸಬೇಕು. ಈ ಕೆಲಸಕ್ಕೆ ಇನ್ನೊಂದು ಸಲ ಕರೆಯುವವರು ಯಾರೂ ಇರಲಿಲ್ಲ, ಅವಳ ವಯಸ್ಸೂ ಕಾಯುವಂಥದ್ದಲ್ಲ. ಬೆಳಕು ಹರಿಯುವ ಮೊದಲೇ ಘಾಟಿ ಹತ್ತಬೇಕು. ಅಣ್ಣ ಮುಖ ಸಣ್ಣಗೆ ಮಾಡಿಕೊಂಡು, "ಆ ದೀಪ ನಂಬ್ಕೊಂಡು ಘಾಟೀಲಿ ಹೋಗ್ತೀಯಾ?" ಎಂದ.

"ದೀಪ ಸರಿ ಮಾಡ್ಕೋತೀನಿ."

"ಮೇಲಿಂದ ಹೆಡ್‌ಲೈಟಿಗೆ ಒಂದು ಲೈನ್ ಎಳಿ ಸಾಕು. ಮೂಲ ವೈರಿಂಗ್ ಮುಟ್ಟಬೇಡ. ನಡುದಾರೀಲಿ ಕೈಕೊಟ್ರೆ ಯಾರು ಬರ್ತಾರೆ?"

ಅವಳು ಹೂಂ ಎಂದಳು. ಆದರೆ ಈ ಸಲ ಹೊಟ್ಟೆಯಲ್ಲಿ ಒಂದು ಸಣ್ಣ ಆಸೆ ಇಟ್ಟುಕೊಂಡಿದ್ದಳು. ಹನ್ನೆರಡು ವೋಲ್ಟಿನ ಬ್ಯಾಟರಿ, ಕರೆಂಟ್ ಹುಟ್ಟಿಸುವ ಹೊಸ ಕಾಯಿಲ್, ಕಿಡಿ ಕೊಡುವ ಹೊಸ ಕಾಯಿಲ್, ರೆಗ್ಯುಲೇಟರ್, ರಿಲೇ, ಫ್ಯೂಸ್ ಡಬ್ಬಿ ಎಲ್ಲ ತಂದು ಮಂಚದ ಕೆಳಗೆ ಬಚ್ಚಿಟ್ಟಿದ್ದಳು. ಭಾನುವಾರ ಅಣ್ಣ ಅತ್ತಿಗೆ ಇಬ್ಬರೂ ಅತ್ತಿಗೆಯ ತವರಿಗೆ ಹೋಗಿ ಸಂಜೆಗೆ ಬರುವವರಿದ್ದರು. ಅಷ್ಟರಲ್ಲಿ ಇಡೀ ಗಾಡಿಗೆ ಹೊಸ ವೈರಿಂಗ್ ಕಟ್ಟಿ, ಬಾಗಿಲಿಗೆ ಬಂದ ಅಣ್ಣನ ಮುಖದ ಮೇಲೆ ಬೆಳಕು ಬಿಟ್ಟು, "ಹೇಗಿದೆ ನಿನ್ನ ಶಿಷ್ಯೆಯ ಕೆಲಸ?" ಎಂದು ಕೇಳಬೇಕು. ಅಷ್ಟೇ ಆಸೆ.

ಅವರು ಹೋದ ಮೇಲೆ ಅಂಗಡಿಯ ಹಿಂದಿನ ಅಂಗಳಕ್ಕೆ ಗಾಡಿ ತಳ್ಳಿದಳು. ಬಿಚ್ಚುವ ಮೊದಲು ಹಳೆಯ ಕಾಯಿಲ್ ಎಷ್ಟು ಕರೆಂಟ್ ಕೊಡುತ್ತದೆ ನೋಡೋಣ ಎಂದು ಒದ್ದಳು. ಗಾಡಿ ಸ್ಟಾರ್ಟ್ ಆಗಲಿಲ್ಲ. ನಿನ್ನೆ ಸಂಜೆ ತಾನೇ ಓಡಿಸಿಕೊಂಡು ಬಂದು ನಿಲ್ಲಿಸಿದ ಗಾಡಿ! ಮತ್ತೆ ಒದ್ದಳು. ಇಲ್ಲ. ಮತ್ತೆ ಶುರುವಾಯಿತಲ್ಲ ನನ್ನ ಹಣೆಬರಹ ಎಂದುಕೊಂಡಳು.

ಈ ಸಲ ನೀರು ತರಲು ಕಳಿಸುವವರು ಯಾರೂ ಇರಲಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದು ಕೂತಳು. ಬ್ಯಾಟರಿಯಲ್ಲಿ ಕರೆಂಟ್ ಇದೆ. ಕೀಲಿ ತಿರುಗಿಸಿದರೆ ಅಲ್ಲಿಯವರೆಗೂ ಇದೆ. ಸೀಟಿನ ಕೆಳಗೆ ಹೋದದ್ದು ಕಿಡಿ ಕೊಡುವ ಇಗ್ನಿಷನ್ ಕಾಯಿಲ್ಲಿಗೆ ಬಂದು ತಲುಪಿಲ್ಲ. ನಡುವೆ ಎಲ್ಲೋ ಕಳ್ಳತನ ಆಗಿದೆ ಎಂದು ತನ್ನಷ್ಟಕ್ಕೆ ನಕ್ಕು ಸೀಟು ಬಿಚ್ಚಿದಳು, ಟೇಪ್ ಸುಲಿದಳು. ಟೂಲ್ ಡಬ್ಬಿಯ ಹಿಂದೆ, ಬೆರಳು ತೂರಿಸಿದರೆ ಮಾತ್ರ ಸಿಗುವ ಕಡೆ, ಒಂದು ಚಿಕ್ಕ ಸ್ವಿಚ್ ಇತ್ತು. ಅದು ಆಫ್ ಆಗಿತ್ತು.

ಆ ಸ್ವಿಚ್ಚಿಗೆ ಬಂದ ತಂತಿ ಕೆಂಪು. ಅದಕ್ಕೆ ಬೆಸೆದು ಕಾಯಿಲ್ಲಿನ ಕಡೆ ಕಳಿಸಿದ ತಂತಿ ಹಸಿರು.

ಪುಟ್ಟಕ್ಕ ಆ ಹಸಿರನ್ನೇ ನೋಡುತ್ತ ಕುಳಿತಳು. ಅವರ ಅಂಗಡಿಯಲ್ಲಿ ಹಸಿರು ಎಂದರೆ ಅರ್ತ್, ಅದರಲ್ಲಿ ಕರೆಂಟ್ ಹರಿಸುವುದು ಮಹಾಪಾಪ. ಮೊನ್ನೆ ಮೊನ್ನೆ ಕಸುಬಿಗೆ ಬಂದವನೂ ಆ ತಪ್ಪು ಮಾಡುವುದಿಲ್ಲ. ಬೆಸುಗೆ ಮಾತ್ರ ಬೆಣ್ಣೆಯ ಹಾಗೆ ನುಣುಪು, ಪಳಗಿದ ಕೈಯದು. ಇಷ್ಟು ಚೆಂದ ಬೆಸೆಯಬಲ್ಲವನು, ಇಷ್ಟು ದೊಡ್ಡ ತಪ್ಪು ಮಾಡಬಲ್ಲವನು ಲೋಕದಲ್ಲಿ ಒಬ್ಬನೇ. ಅದೂ ಪಕ್ಕದಲ್ಲಿ ತಂಗಿ ಇಲ್ಲದೆ, ತಂಗಿಗೆ ತಿಳಿಯದ ಹಾಗೆ ಕೂತು ಮಾಡಿದರೆ ಮಾತ್ರ.

ಡಿಪೋ ನೆನಪಾಯಿತು. ಪಟ್ಟಣದಲ್ಲಿ ಕಾದು ಕಾದು ಎದ್ದುಹೋದ ಆ ಹುಡುಗ ನೆನಪಾದ. ಒಂದೊಂದು ಸಲವೂ ತನ್ನನ್ನು ಒಳಗೆ ಕಳಿಸಿ ತರಿಸಿದ ನೀರು ನೆನಪಾಯಿತು. ಗೋಡೆ ಹಿಡಿದು ಎದ್ದಳು, ಮತ್ತೆ ಕೂತಳು. ಬೈಯೋಣ ಎಂದರೆ ಬಾಯಿಗೆ ಬಂದದ್ದು "ಅಣ್ಣ" ಎಂಬ ಮಾತೇ. ಕಷ್ಟ ಬಂದಾಗಲೆಲ್ಲ ಕರೆದು ರೂಢಿಯಾದ ಹೆಸರು ಅದು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರನ್ನು ಕೂಗಬೇಕು?

ಆಮೇಲೆ ಅವಳು ಕೆಲಸ ಮಾಡಿದಳು. ಹಳೆಯ ವೈರಿಂಗನ್ನು ಹ್ಯಾಂಡಲ್ಲಿನಿಂದ ಹಿಂದಿನ ದೀಪದವರೆಗೆ ಕಿತ್ತು ತೆಗೆದಳು. ಕಾಯಿಲ್ ಎರಡನ್ನೂ ಬದಲಿಸಿದಳು, ಬಿಸಿಯಾಗುವ ರೆಗ್ಯುಲೇಟರನ್ನು ಗಾಳಿ ಬಡಿಯುವ ಕಡೆ ಕೂರಿಸಿದಳು, ಹೆಡ್‌ಲೈಟಿನ ಕರೆಂಟು ಹಳೆಯ ಸ್ವಿಚ್ಚಿನ ಮೂಲಕ ಹಾದು ಸೊರಗದಂತೆ ರಿಲೇ ಹಾಕಿ ಬ್ಯಾಟರಿಯಿಂದಲೇ ನೇರ ಎಳೆದಳು. ಬಲ್ಬು, ಹಾರ್ನ್ ಎಲ್ಲ ಹೊಸದಾದವು. ಕಣ್ಣೀರು ಮೂಗಿನ ತುದಿಯಿಂದ ಇಳಿದರೆ ತೋಳಿನಿಂದ ಒರೆಸಿಕೊಂಡು ಬೆಸುಗೆ ಹಾಕಿದಳು. ಸಂಜೆಗೆ ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ದೀಪ ಎದುರಿನ ಗೋಡೆಯ ಇಟ್ಟಿಗೆ ಇಟ್ಟಿಗೆಯನ್ನೂ ತೋರಿಸಿತು. ಅವಳಿಗೆ ಒಂದು ಚೂರೂ ಸಂತೋಷವಾಗಲಿಲ್ಲ.

ಅಣ್ಣ ಅಂಗಳಕ್ಕೆ ಬಂದವನೇ ರಾಶಿ ಬಿದ್ದಿದ್ದ ಹಳೆಯ ವೈರಿಂಗ್ ನೋಡಿ ನಿಂತುಬಿಟ್ಟ. "ಎಲ್ಲಾ ಬಿಚ್ಚಿಬಿಟ್ಯಾ?" ಎಂದ.

ಪುಟ್ಟಕ್ಕ ಒಂದು ತಂತಿಯ ತುಂಡನ್ನು ಅವನ ಮುಂದೆ ಹಿಡಿದಳು. "ಇದು ಯಾವ ಬಣ್ಣ ಅಣ್ಣ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳು ಅವನಿಗೆ ಕೇಳಿದ್ದೇ ಇಲ್ಲ. ಅವನು ಬೆಸುಗೆಯನ್ನು ನೋಡಿ ಗುರುತು ಹಿಡಿದ. ತಾನು ಅಂದು ಹಾಕಿದೆ ಎಂದುಕೊಂಡಿದ್ದನ್ನೇ ಹೇಳಿದ: "ಕೆಂಪು."

ಹಿಂದೆ ಚೀಲ ಹಿಡಿದು ನಿಂತಿದ್ದ ಅತ್ತಿಗೆ ನಕ್ಕಳು. "ಕಣ್ಣಿಗೇನಾಯ್ತು ನಿಮಗೆ? ಹಸಿರಲ್ವೇನ್ರೀ ಅದು?" ಇಬ್ಬರೂ ನಗದಿದ್ದನ್ನು ನೋಡಿ ಅವಳ ನಗು ಅರ್ಧಕ್ಕೇ ನಿಂತಿತು.

"ಈ ಸಲ ಯಾವಾಗ ಆಫ್ ಮಾಡ್ದೆ? ಬೆಳಿಗ್ಗೆ ಹೊರಡೋ ಮುಂಚೇನಾ?" ಪುಟ್ಟಕ್ಕ ಕೇಳಿದಳು.

"ನಾನೇನು..." ಅಣ್ಣ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಶುರು ಮಾಡಿದ. "ಘಾಟಿ ದಾರಿ, ಕತ್ತಲೆ, ಒಬ್ಬಳೇ ಹೆಣ್ಣು... ನಿನ್ನ ಒಳ್ಳೇದಕ್ಕೆ..."

"ಡಿಪೋಗೆ ಘಾಟಿ ಇರಲಿಲ್ಲ."

ಅವನು ಕಟ್ಟೆಯ ಮೇಲೆ ಕುಸಿದು ಕೂತ. "ನೀನು ಹೋದ್ರೆ ನಾನು ಕುರುಡ ಪುಟ್ಟಿ. ಅಂಗಡಿ ಹೇಗೆ ನಡೀತಿತ್ತು?"

"ಒಂದು ಮಾತು ಕೇಳಬಹುದಿತ್ತಲ್ಲ! ಹೋಗಬೇಡ, ನಂಗೆ ನೀನು ಬೇಕು ಅಂದಿದ್ರೆ ಸಾಕಿತ್ತು. ಇರ್ತಿದ್ದೆ ಅಣ್ಣ. ನಗುನಗ್ತಾ ಇರ್ತಿದ್ದೆ."

"ಗೊತ್ತಿತ್ತು," ಎಂದ ಅವನು. ದನಿ ಇಷ್ಟೇ ಇಷ್ಟಾಗಿತ್ತು. "ಕೇಳಿದ್ರೆ ಇರ್ತೀಯಾ ಅಂತ ಗೊತ್ತಿತ್ತು. ಆಮೇಲೆ ಸಾಯೋವರೆಗೂ ನಿನ್ನ ಋಣದಲ್ಲಿ ಇರಬೇಕಾಗಿತ್ತು. ಅದು ನನ್ನಿಂದ ಆಗ್ತಿರಲಿಲ್ಲ."

ಪುಟ್ಟಕ್ಕನಿಗೆ ಸ್ವಿಚ್ ಕಂಡಾಗ ಆಗಿದ್ದ ನೋವು ಇದರ ಮುಂದೆ ಏನೂ ಅಲ್ಲ ಅನಿಸಿತು. ತಂಗಿಯ ಋಣ ಬೇಡ ಎಂದು ಅವನು ಅವಳ ತಲೆಯ ಮೇಲೆ ತನ್ನ ಋಣ ಹೊರಿಸಿದ್ದ. ನೆಲೆ ಕೊಟ್ಟ ಅಣ್ಣ, ಕೈಹಿಡಿದ ಅಣ್ಣ ಎಂದು ಅವಳು ಇಷ್ಟು ವರ್ಷ ಕೃತಜ್ಞಳಾಗಿ ತಲೆ ತಗ್ಗಿಸಿ ಬದುಕಿದ್ದಳು. ನಂಬಿಸಿ ಕತ್ತು ಕೊಯ್ಯುವವರ ಕಥೆ ಕೇಳಿದ್ದಳು. ಕೊಯ್ಯುವಾಗ ಬೆನ್ನು ತಟ್ಟಿ ಸಮಾಧಾನ ಮಾಡುವವರ ಕಥೆ ಕೇಳಿರಲಿಲ್ಲ.

ಅತ್ತಿಗೆ ಏನೂ ಅರ್ಥವಾಗದೆ ಒಬ್ಬರ ಮುಖ ಒಬ್ಬರು ನೋಡದ ಆ ಇಬ್ಬರನ್ನೂ ನೋಡುತ್ತ ನಿಂತಳು. "ಏನ್ರೀ ಇದು? ಯಾಕೆ ಕುರುಡ?" ಎಂದಳು. ಪುಟ್ಟಕ್ಕ, "ಅದನ್ನ ಅವನೇ ಹೇಳ್ಲಿ ಅತ್ತಿಗೆ. ನನ್ನ ಕೆಲಸ ಅಲ್ಲ ಇನ್ನು" ಎಂದು ಒಳಗೆ ಹೋದಳು.

ಸೋಮವಾರ ಬೆಳಕು ಹರಿಯುವ ಮೊದಲು ಅವಳು ಗಾಡಿ ಹೊರಗೆ ತಂದಾಗ ಅಣ್ಣ ಬಾಗಿಲಲ್ಲಿ ನಿಂತಿದ್ದ. ಕಣ್ಣು ಊದಿತ್ತು. "ಹುಷಾರಾಗಿ ಹೋಗು," ಎಂದ. "ಗಾಡಿಗೆ ನಾನು ಕೈ ಹಚ್ಚಿಲ್ಲ ಪುಟ್ಟಿ. ಅಪ್ಪನಾಣೆ."

ಅವನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಅನಿಸಿತು. ಆ ವೈರಿಂಗ್ ಅವಳದೇ ಕೈಯಿಂದ ಆದದ್ದು; ಎಳೆ ಎಳೆಯೂ ಗೊತ್ತು. ಆದರೂ ಅವಳು ಗಾಡಿಗೆ ಸ್ಟ್ಯಾಂಡ್ ಹಾಕಿದಳು. ಅಣ್ಣನ ಎದುರಿಗೇ ಸೀಟು ಬಿಚ್ಚಿ ಮೊಣಕಾಲೂರಿ ಕೂತಳು. ಬ್ಯಾಟರಿಯಿಂದ ಶುರುಮಾಡಿ ಒಂದೊಂದೇ ತಂತಿಯನ್ನು, ಒಂದೊಂದೇ ಬೆಸುಗೆಯನ್ನು ಕೊನೆಯವರೆಗೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಅಣ್ಣ ಅದನ್ನು ನೋಡಲಾರದೆ ಒಳಗೆ ಹೋದ.